ಬಾನೆಟ್ಟಿನ ಬಿಸಿ

ಮುಂಬಯಿಯ ಪರೇಲಿನ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಗಂಡಹೆಂಡತಿಗೆ ಮುಲುಂಡಿನಲ್ಲಿ ಕಾರು ಪಾಲಿಶ್ ಮಾಡುವ ಅಂಗಡಿಯಿದೆಯೆಂದು ಅವರ ಮಾತಿನಿಂದಲೇ ತಿಳಿಯಿತು.

“ಇಪ್ಪತ್ತು ವರ್ಷ ಪಾಲಿಶ್ ಮಷೀನ್ ಹಿಡಿದೀನಿ ಅಂತ ಡಾಕ್ಟರಿಗೆ ಹೇಳ್ರಿ” ಎಂದಳು ಹೆಂಡತಿ.

“ಹೇಳಿದ್ರ ಮಷೀನ್ ಬಿಡು ಅಂತಾರ.”

“ನಿಮ್ಮ ಬೆರಳು ಜೋಮು ಹಿಡಿದಾವ. ಮಷೀನ್ ತಿಕ್ಕಿ ಬಾನೆಟ್ ಕಾದದ್ದು ಕೈಗೆ ತಿಳೀಲಾರದ ಮೊನ್ನೆ ಆ ಕರೀ ಗಾಡಿ ಬಣ್ಣಾನೇ ಸುಟ್ರಿ.”

“ಇನ್ನ ಮ್ಯಾಲೆ ನೀ ಮುಟ್ಟಿ ನೋಡು, ನಾ ಮಷೀನ್ ನಡಸ್ತೀನಿ. ಗಿರಾಕಿಗೆ ಏನ್ ಗೊತ್ತಾಗ್ತದ?”

ಆಕೆ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು.

“ಯಾಕ, ಮುಬೀನಾ?”

“ಎರಡು ವರ್ಷದಿಂದ ಅರ್ಧಕ್ಕರ್ಧ ಗಾಡಿ ನಾನ ಮಷೀನ್ ಹಿಡಿದು ಉಜ್ಜೀನಲ್ರಿ. ನನಗೂ ಈಗ ಬಿಸಿ ತಿಳೀವಲ್ದು.”

“ಬಡೇಸಾಬ!” ಎಂದು ಒಳಗಿನಿಂದ ಕರೆದರು.

ಅವನು ಎದ್ದ. ಒಳಗೆ ಹೋಗಲಿಲ್ಲ.

“ಬಾ, ನಿಂದೂ ಒಂದು ಕೇಸ್ ಪೇಪರ್ ಮಾಡಸೋಣ” ಎಂದು ರೋಗಿಗಳ ಹೆಸರು ಬರೆಸುವ ಕೌಂಟರಿನ ಕಡೆ ನಡೆದ. ಆಕೆ ಹಿಂದೆಯೇ ಹೋದಳು.