ಬಲಕ್ಕೆ ಇಂಡಿಕೇಟರ್ ಹಾಕಿ ಹೋದ ಕಾರಿನ ವಿಚಾರ

ಊರಿನವರೆಲ್ಲ ಪೈಪಣ್ಣ ಎಂದು ಕರೆಯುವ ನಾನು, ವಯಸ್ಸು 59 ವರ್ಷ, ಉದ್ಯೋಗ ನಲ್ಲಿ ಮತ್ತು ಪೈಪ್ ರಿಪೇರಿ, ವಾಸ ನೀರಿನ ಟ್ಯಾಂಕಿನ ಹಿಂದಿನ ಓಣಿಯ ಕೊನೆಯ ಮನೆ, ಈ ದಿನ ಸಂಜೆ ದಂತವೈದ್ಯರು ತಮ್ಮ ಕಾರು ಕಳುವಾಗಿದೆ ಎಂದು ಕೊಟ್ಟ ದೂರಿಗೆ ಸಂಬಂಧಿಸಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ಕಾರು ತೆಗೆದುಕೊಂಡು ಹೋದವರು ಯಾರು ಎಂದು ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ಹೋದವಳು ನನ್ನ ಹೆಂಡತಿ, ವಯಸ್ಸು 56. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಿದವಳು. ಕಲಿಯುವವರ ಪಕ್ಕದಲ್ಲಿ ಕೂತು ಕ್ಲಚ್ಚು, ಕ್ಲಚ್ಚು ಎಂದು ಕೂಗುತ್ತಿದ್ದರಿಂದ ಎಲ್ಲರಿಗೂ ಕ್ಲಚ್ಚಕ್ಕ ಎಂದೇ ಪರಿಚಯ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಸಾಹೇಬರೂ ಅವಳ ಬಳಿಯೇ ಕಲಿತವರು, ಮೂರನೇ ಸಲಕ್ಕೆ ಪಾಸಾದವರು. ಈ ವಾಕ್ಯ ಬೇಡ ಎಂದು ಅವರು ಹೇಳಿದರು. ಬೇಕು ಎಂದು ಹೇಳಿ ನಾನೇ ಬರೆಸಿದ್ದೇನೆ.

ಎರಡು ವರ್ಷದ ಹಿಂದೆ ಜೋರು ಮಳೆ ಬಿದ್ದ ದಿನ, ರೈಲು ಸೇತುವೆಯ ಕೆಳಗಿನ ರಸ್ತೆಯಲ್ಲಿ ಅವಳ ಕಾರು ನೀರಿನಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿ ಕಲಿಯಲು ಬಂದ ಹುಡುಗಿಯೊಬ್ಬಳಿದ್ದಳು. ಕಿಟಕಿ ಇಳಿಯಲಿಲ್ಲ, ಬಾಗಿಲು ತೆರೆಯಲಿಲ್ಲ. ನೀರು ಎದೆಮಟ್ಟಕ್ಕೆ ಬಂದ ಮೇಲೆ ಜನ ಹಿಂದಿನ ಗಾಜು ಒಡೆದು ಇಬ್ಬರನ್ನೂ ಎಳೆದುಕೊಂಡರು. ಹುಡುಗಿಗೆ ಏನೂ ಆಗಲಿಲ್ಲ. ನನ್ನ ಹೆಂಡತಿಯ ಸೊಂಟಕ್ಕೆ ಪೆಟ್ಟಾಯಿತು, ಅದು ಮುಕ್ಕಾಲು ಪಾಲು ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ಇನ್ನೊಂದು. ಅಂದಿನಿಂದ ಮುಚ್ಚಿದ ಜಾಗದಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ. ಕಾರು, ಬಸ್ಸು ಯಾವುದನ್ನೂ ಹತ್ತುವುದಿಲ್ಲ. ಮಲಗುವ ಕೋಣೆಯ ಬಾಗಿಲನ್ನು ನಾನೇ ಕಳಚಿ ಅಟ್ಟಕ್ಕೆ ಹಾಕಿದ್ದೇನೆ. ಹಿತ್ತಲಿಗೆ ಪೈಪ್ ಎಳೆದು, ಸುತ್ತ ಪರದೆ ಕಟ್ಟಿ, ತಲೆಯ ಮೇಲೆ ಆಕಾಶ ಕಾಣುವಂತೆ ಬಚ್ಚಲು ಮಾಡಿಕೊಟ್ಟಿದ್ದೇನೆ. ನನ್ನ ಕೈಯಿಂದ ಆದ ಕೆಲಸಗಳಲ್ಲಿ ಅದೇ ಚೆನ್ನಾದದ್ದು ಎಂದು ನನ್ನ ಅಭಿಪ್ರಾಯ.

ನಮಗೆ ಒಬ್ಬಳೇ ಮಗಳು. ಇಲ್ಲಿಂದ 38 ಕಿಲೋಮೀಟರ್ ದೂರದ ಊರಿನಲ್ಲಿದ್ದಾಳೆ. ಅಳಿಯನದು ಹಡಗಿನ ಕೆಲಸ, ಮನೆಯಲ್ಲಿರುವುದಕ್ಕಿಂತ ನೀರಿನ ಮೇಲಿರುವುದೇ ಹೆಚ್ಚು. ಮಗಳಿಗೆ ಗಂಡು ಮಗುವಾಗಿ ಐದು ತಿಂಗಳಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದ್ದರಿಂದ ಬಸ್ಸಿನ ಗದ್ದಲದಲ್ಲಿ ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ಹೋಗಿ ನೋಡಿಕೊಂಡು ಬಂದೆ. ಹೆಂಡತಿಯನ್ನು ಒಮ್ಮೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ಎಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬಂದು, ತಿರುಗಿ ಬಂದೆವು. ಆಮೇಲೆ ದಿನಾ ಫೋನಿನಲ್ಲಿ ಮಗುವಿನ ಮುಖ ನೋಡುತ್ತಿದ್ದಳು. ನೋಡಿ ಮುಗಿದ ಮೇಲೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೋದ ವಾರ ದಂತವೈದ್ಯರ ದವಾಖಾನೆಯಲ್ಲಿ ಬೇಸಿನ್ ಕಟ್ಟಿಕೊಂಡಿತ್ತು. ಸರಿಮಾಡಲು ಹೋದಾಗ ಮೇಲಿನ ಟಾಪ್ ಮಡಚಿ ತೆಗೆಯಬಹುದಾದ ತಮ್ಮ ಕಾರನ್ನು ಮಾರುವುದಾಗಿ ಹೇಳಿದರು. ಮದುವೆಯಾದ ಮೇಲೆ ಒಂದು ದಿನವೂ ಟಾಪ್ ತೆಗೆದಿಲ್ಲ, ಹೆಂಡತಿಯ ಕೂದಲು ಹಾರಿದರೆ ಸಂಜೆಯವರೆಗೆ ತಮ್ಮ ನೆಮ್ಮದಿಯೂ ಹಾರುತ್ತದೆ ಎಂದು ತಿಳಿಸಿದರು. ನನಗೆ ಬೇಸಿನ್ನಿನ ಕೆಳಗೆ ಮಲಗಿದ್ದ ಹಾಗೆಯೇ ತಲೆ ಓಡಿತು. ಮೇಲೆ ಮುಚ್ಚಳವೇ ಇಲ್ಲದ ಕಾರಾದರೆ ಅವಳು ಹತ್ತಬಹುದು.

ಈ ದಿನ ಭಾನುವಾರ ಮಧ್ಯಾಹ್ನ 3 ಗಂಟೆಗೆ ನಾವಿಬ್ಬರೂ ನಡೆದುಕೊಂಡು ದಂತವೈದ್ಯರ ಮನೆಗೆ ಹೋದೆವು. ಕಾರು ಬೂದು ಬಣ್ಣದ್ದು, ಟಾಪ್ ಕಪ್ಪು ಬಟ್ಟೆಯದು, ನಾನು ಮೊದಲೇ ಹೇಳಿದ್ದರಿಂದ ಅದನ್ನು ಮಡಚಿಟ್ಟಿದ್ದರು. ನನ್ನ ಹೆಂಡತಿ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ನಾವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟ್ ಮಾಡುವಾಗಿನ ಕೆಮ್ಮು ಕೇಳಿಸುವುದಿಲ್ಲ ಎಂದು ಅವಳು ಹೇಳುವುದು ವಾಡಿಕೆ. ತಣ್ಣಗಿತ್ತು. ಬಾಗಿಲುಗಳ ಸಂದು ಮೇಲೂ ಕೆಳಗೂ ಒಂದೇ ಸಮ ಇದೆಯೇ ಎಂದು ಬೆರಳು ಓಡಿಸಿ ನೋಡಿದಳು. ಮೇಲೆ ತಗಡು ಇಲ್ಲದ ಕಾರಿಗೆ ಮೈ ಸಡಿಲ, ಒಮ್ಮೆ ಗುದ್ದಿಸಿಕೊಂಡಿದ್ದರೆ ಬಾಗಿಲು ಹೇಳಿಬಿಡುತ್ತದೆ ಎಂದಳು. ದಂತವೈದ್ಯರು ಕೈಕಟ್ಟಿ ನಿಂತು, ಹಲ್ಲು ನೋಡುವಾಗ ನಾನೂ ಹೀಗೇ ಮಾಡ್ತೀನಿ ಅಂದರು.

ಉಳಿದದ್ದು ನೀರಿನ ವಿಷಯ, ಅದು ನನ್ನದು. ಟಾಪ್ ಮಡಚಿಕೊಳ್ಳುವ ಜಾಗದ ಮೂಲೆಗಳಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ನೀರೆಲ್ಲ ಸೀಟಿನ ಕೆಳಗೆ ಸೇರುತ್ತದೆ. ಎಡಗಡೆಯದು ಕಟ್ಟಿತ್ತು. ತಂತಿ ಹಾಕಿ ಕೊಳೆತ ಎಲೆಗಳನ್ನು ಹೊರಗೆಳೆದೆ. ಕಾಲ ಕೆಳಗಿನ ಹಾಸು ಎತ್ತಿ, ತಗಡು ತಟ್ಟಿ, ಮೂಗಿಟ್ಟು ನೋಡಿದೆ. ಹಾಸಿನಲ್ಲಿ ತೇವ ಇರಲಿಲ್ಲ, ಮುಗ್ಗಲು ವಾಸನೆಯೂ ಇರಲಿಲ್ಲ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಸ್ವಲ್ಪ ತುಕ್ಕಿತ್ತು, ಹೇಳಿದೆ. ಬಟ್ಟೆಯ ಮಡಿಕೆ ಬೀಳುವ ಕಡೆಗಳಲ್ಲಿ ಹರಿದಿಲ್ಲ, ರಬ್ಬರಿಗೆ ಬಿರುಕಿಲ್ಲ.

ಆಮೇಲೆ ಟಾಪ್ ಮುಚ್ಚಿ ತೋರಿಸಿ ಎಂದೆ. ಅದನ್ನು ಕೇಳುತ್ತಲೇ ನನ್ನ ಹೆಂಡತಿ ಗೇಟಿನ ಹೊರಗೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ನಿಂತಳು. ಗೇರಿನ ಪಕ್ಕದ ಗುಂಡಿಯನ್ನು ಟಾಪ್ ಪೂರ್ತಿ ಮುಚ್ಚುವವರೆಗೂ ಒತ್ತಿ ಹಿಡಿದಿರಬೇಕು, ಬೆರಳು ತೆಗೆದರೆ ಅರ್ಧಕ್ಕೇ ನಿಲ್ಲುತ್ತದೆ ಎಂದು ದಂತವೈದ್ಯರು ನನಗೆ ತೋರಿಸಿದರು. ಮೋಟಾರು ತಡವರಿಸಲಿಲ್ಲ. ಮುಚ್ಚಿದ ಮೇಲೆ ನಾನು ಮನೆಯಿಂದ ತಂದಿದ್ದ ಪೈಪನ್ನು ಅವರ ನಲ್ಲಿಗೆ ಸಿಕ್ಕಿಸಿ ಟಾಪಿನ ಮೇಲೆ ನೀರು ಬಿಡಲು ಹೊರಟೆ. ಆಗ ಅವಳು ಗೇಟಿನ ಹೊರಗಿನಿಂದಲೇ ಆಡಿದ ಮಾತು ಹೀಗಿದೆ:

“ರೀ, ನಾನು ಅದನ್ನ ಮುಚ್ಚೋದೇ ಇಲ್ಲ. ಮುಚ್ಚಿದ್ರೆ ಸೋರುತ್ತಾ ಅಂತ ಯಾಕೆ ನೋಡ್ತೀರಿ?”

ಮಳೆ ಬಂದರೆ ಏನು ಮಾಡುತ್ತೀಯ ಎಂದು ಕೇಳಿದೆ.

“ನೆನೀತೀನಿ.”

ಆದರೂ ಪರೀಕ್ಷೆ ಅರ್ಧಕ್ಕೆ ಬಿಡಬಾರದೆಂದು ನೀರು ಬಿಟ್ಟೆ. ಬಿಟ್ಟು ಐದು ನಿಮಿಷವಾಗುವುದರೊಳಗೆ ನಲ್ಲಿಯೇ ನಿಂತಿತು. ಭಾನುವಾರ ಆ ಬೀದಿಗೆ ನೀರು ಬಿಡುವುದು ಆ ಹೊತ್ತಿನವರೆಗೆ ಮಾತ್ರವಂತೆ. ಹಾಗಾಗಿ ಟಾಪ್ ಸೋರುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗಲಿಲ್ಲ.

ಸುಮಾರು 4 ಗಂಟೆಗೆ ಟಾಪ್ ತೆಗೆದು, ಓಡಿಸಿ ನೋಡಲು ಅವಳನ್ನು ಕರೆದೆ. ಬಂದಳು. ಬಾಗಿಲು ಹಿಡಿದು ಎಷ್ಟೋ ಹೊತ್ತು ನಿಂತಳು. ಮೇಲೆ ನೋಡಿದಳು, ಕೂತಳು, ಮತ್ತೆ ಮೇಲೆ ನೋಡಿದಳು. ನಾನು ಪಕ್ಕದಲ್ಲಿ ಕೂರಲು ಹೋದೆ. ಒಬ್ಬರು ಹೊರಗೆ ನಿಂತು ಹಿಂದಿನ ಚಕ್ರ ನೇರ ಹೋಗುತ್ತದೆಯೇ ಎಂದು ನೋಡಬೇಕು, ನೀವು ಇಳಿಯಿರಿ ಎಂದಳು. ತೆರೆದ ಕಾರಿನಲ್ಲಿ ಗಾಳಿಗೆ ಹಾರಿಹೋದೀತೆಂದು ಅವಳ ಫೋನನ್ನು ನಾನೇ ತೆಗೆದು ನನ್ನ ಚೀಲದಲ್ಲಿ ಹಾಕಿಕೊಂಡೆ. ಇದು ಪೂರ್ತಿ ನನ್ನ ತಪ್ಪು. ರಸ್ತೆ ಕೊನೆಯಲ್ಲಿ ಎಡಕ್ಕೆ ತಿರುಗಿ, ಬೀದಿ ಸುತ್ತಿ ವಾಪಸ್ ಬರುವುದು ಎಂದು ಮಾತಾಗಿತ್ತು.

ಚಕ್ರ ನೇರವಾಗಿ ಹೋಯಿತು. ರಸ್ತೆಯ ಕೊನೆಯಲ್ಲಿ ಕಾರು ನಿಂತಿತು. ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದಂತೆ ಅವಳು ಬಲಕ್ಕೆ ಇಂಡಿಕೇಟರ್ ಹಾಕಿದಳು. ಬಲಕ್ಕಿರುವುದು ಮಗಳ ಊರಿನ ದಾರಿ. ಕಾರು ಬಲಕ್ಕೆ ತಿರುಗಿ ಕಣ್ಮರೆಯಾಯಿತು. ಇಂಡಿಕೇಟರ್ ಹಾಕಿ ಪರಾರಿಯಾಗುವ ಕಳ್ಳರಿದ್ದಾರೆಯೇ ಎಂದು ಪೊಲೀಸರೇ ಹೇಳಬೇಕು.

ಅರ್ಧ ಗಂಟೆ ಕಾದರೂ ಕಾರು ಬರಲಿಲ್ಲ. ಅವಳಿಗೆ ಫೋನ್ ಮಾಡಿದೆ, ನನ್ನ ಚೀಲವೇ ಬಡಿದುಕೊಂಡಿತು. ದಂತವೈದ್ಯರ ಮುಖ ಬಾಡಿತು. ಅವರು ಬೀದಿಯ ಎರಡೂ ಕಡೆ ಓಡಿ ನೋಡಿ ಬಂದು, “ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ, ನಾನು ಕಂಪ್ಲೇಂಟ್ ಕೊಡ್ಲೇಬೇಕಾಗುತ್ತೆ” ಎಂದು ಹೇಳಿ ಠಾಣೆಗೆ ಫೋನ್ ಮಾಡಿದರು. ಅವರ ಮೇಲೆ ನನಗೆ ಬೇಜಾರಿಲ್ಲ. ಆಗ ನನಗಿದ್ದ ಭಯ ಕಾರಿನದಲ್ಲ. ಎರಡು ವರ್ಷ ಸ್ಟೀರಿಂಗ್ ಮುಟ್ಟದವಳು, ಹೆದ್ದಾರಿ, ಜೊತೆಗೆ ಯಾರೂ ಇಲ್ಲ. ಪೊಲೀಸರು ಬಂದಾಗ ನಾನು ಜಗಲಿಯ ಮೆಟ್ಟಿಲ ಮೇಲೆ ಪೈಪನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದದ್ದು ನಿಜ.

5.20ಕ್ಕೆ ಮಗಳು ಫೋನ್ ಮಾಡಿದಳು. “ಅಪ್ಪಾ, ಅಮ್ಮ ಬಂದಿದಾಳೆ. ಮಗೂನ ಎತ್ಕೊಂಡು ನಿಂತ್ಬಿಟ್ಟಿದಾಳೆ. ಮಾತೇ ಆಡ್ತಿಲ್ಲ, ನಗ್ತಾ ಇದಾಳೆ, ಅಳ್ತಾ ಇದಾಳೆ. ನೀನ್ಯಾಕೆ ಬಂದಿಲ್ಲ?” ಎಂದು ಕೇಳಿದಳು. ನಾನು ಇಲ್ಲಿ ಪೊಲೀಸರ ಜೊತೆ ಇದ್ದೇನೆ ಎಂದೆ. ಆಮೇಲೆ ಫೋನನ್ನು ಹೆಡ್ ಕಾನ್‌ಸ್ಟೇಬಲ್ ಸಾಹೇಬರ ಕೈಗೆ ಕೊಟ್ಟೆ. ಅವರು, ಅಕ್ಕನಿಗೆ ಹೇಳಮ್ಮ, ಕಾರು ಇವತ್ತೇ ವಾಪಸ್ ಬಂದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿದರು. ಈಗಲೇ ಹೊರಡುತ್ತಾಳೆ ಎಂದು ಉತ್ತರ ಬಂತು. ದಂತವೈದ್ಯರ ಮನೆಯವರು ಎಲ್ಲರಿಗೂ ಚಹಾ ಕೊಟ್ಟರು.

6 ಗಂಟೆಗೆ ಮಳೆ ಹಿಡಿಯಿತು. ಹತ್ತು ನಿಮಿಷದಲ್ಲಿ ಬೀದಿಯಲ್ಲಿ ನೀರು ಹರಿಯತೊಡಗಿತು. ಮಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ನಿಮ್ಮ ಮನೆಯವರು ಎಲ್ಲಾದರೂ ಮರದ ಕೆಳಗೆ ಕಾರು ನಿಲ್ಲಿಸಿಕೊಂಡಿರುತ್ತಾರೆ ಎಂದು ದಂತವೈದ್ಯರು ಸಮಾಧಾನ ಹೇಳಿದರು. ನೆನೆಯುತ್ತೇನೆ ಎಂದವಳು ನೆನೆಯುತ್ತಲೇ ಬರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಟವೆಲ್ ಒಂದನ್ನು ಕೇಳಿ ಪಡೆದು, ಕೈಯಲ್ಲಿ ಹಿಡಿದು ಗೇಟಿಗೆ ಬಂದು ನಿಂತೆ.

6.35ಕ್ಕೆ ಬೂದು ಬಣ್ಣದ ಕಾರೊಂದು ಬಲಗಡೆಯ ರಸ್ತೆಯಿಂದ ಬಂತು. ಅದರ ಟಾಪ್ ಮುಚ್ಚಿತ್ತು. ಹಾಗಾಗಿ ಇದನ್ನು ಬೇರೆ ಯಾರೋ ಓಡಿಸುತ್ತಿದ್ದಾರೆ, ಅವಳಿಗೆ ಏನೋ ಆಗಿದೆ ಎಂದೇ ತಿಳಿದೆ. ನಾನು ಕಾರಿಗೆ ಅಡ್ಡವಾಗಿ ರಸ್ತೆಗೆ ಇಳಿಯಲು ಹೋದಾಗ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ನನ್ನ ತೋಳು ಹಿಡಿದುಕೊಂಡರು. ಕಾರು ಗೇಟಿನ ಮುಂದೆ ನಿಂತಿತು. ಸ್ಟೀರಿಂಗ್ ಹಿಂದೆ ನನ್ನ ಹೆಂಡತಿ ಇದ್ದಳು. ಹಿಂದಿನ ಸೀಟಿನಲ್ಲಿ ಮಗಳು, ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದ ಮಗು.

ದಾರಿಯಲ್ಲಿ ನಡೆದದ್ದನ್ನು ಮಗಳು ತಿಳಿಸಿದಂತೆ ಬರೆಸುತ್ತೇನೆ. ಪೊಲೀಸು ಎಂದ ಮೇಲೆ ಅಮ್ಮನನ್ನು ಒಬ್ಬಳೇ ಕಳಿಸಲು ಮನಸ್ಸಾಗದೆ ಅವಳೂ ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಹತ್ತಿದಳು. ಹನ್ನೊಂದು ಕಿಲೋಮೀಟರ್ ಉಳಿದಿರುವಾಗ ಮಳೆ ಶುರುವಾಗಿ, ಮೊದಲ ಹನಿ ಮಗುವಿನ ಹಣೆಗೆ ಬಿತ್ತು. ಅಮ್ಮ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ಟಾಪ್ ಮುಚ್ಚುವ ಗುಂಡಿ ಎಲ್ಲಿದೆ ಎಂದು ನಾನು ನನ್ನ ಹೆಂಡತಿಗೆ ತೋರಿಸಿರಲಿಲ್ಲ, ತಾನೇ ಹುಡುಕಿಕೊಂಡಳು. ಅಮ್ಮ, ನೀನಿಳಿದು ಆಚೆ ನಿಂತ್ಕೋ, ನಾನು ಒತ್ತುತ್ತೇನೆ ಎಂದು ಮಗಳು ಹೇಳಿದಳು. “ನಾನಿಳಿದ್ರೆ ಓಡ್ಸೋರು ಯಾರು?” ಎಂದು ಅಮ್ಮ ಕೇಳಿದಳು. ಒತ್ತಿದಳು, ಟಾಪ್ ಅರ್ಧ ಬಂತು, ಬೆರಳು ತೆಗೆದಳು. ಮತ್ತೆ ಒತ್ತಿದಳು, ಮತ್ತೆ ತೆಗೆದಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡು, ಎಡಗೈಯ ಮೇಲೆ ಬಲಗೈಯನ್ನೂ ಇಟ್ಟು, ಟಾಪ್ ಪೂರ್ತಿ ಕೂರುವವರೆಗೆ ಒತ್ತಿ ಹಿಡಿದಳು.

ಅಲ್ಲಿಂದ ಇಲ್ಲಿಯವರೆಗೆ ಅವಳು ಜೋರಾಗಿ ಮಾತಾಡುತ್ತಲೇ ಬಂದಳಂತೆ. ಮಗಳ ಜೊತೆ ಅಲ್ಲ. ಕ್ಲಚ್ ಒತ್ತು, ಗೇರ್ ಹಾಕು, ಕನ್ನಡಿ ನೋಡು, ಹೆದರ್ಬೇಡ, ನಾನಿದೀನಿ. ಇದನ್ನೇ ಮತ್ತೆ ಮತ್ತೆ. ಮೊದಲ ದಿನ ಬಂದ ಪ್ರತಿಯೊಬ್ಬರಿಗೂ ಅವಳು ಹೇಳುತ್ತಿದ್ದದ್ದು ಇದನ್ನೇ. ಇದನ್ನು ಬರೆದುಕೊಳ್ಳುವಾಗ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಪೆನ್ನು ಕೆಳಗಿಟ್ಟರು. ಆಮೇಲೆ, ನನಗೂ ಹೀಗೇ ಅಂದಿದ್ರು ಎಂದರು.

ಕಾರಿನಿಂದ ಇಳಿದ ನನ್ನ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಬಟ್ಟೆ ಮಾತ್ರ ನೆನೆದಿರಲಿಲ್ಲ. ನಾನು ಟವೆಲನ್ನು ಮುಂದೆ ಚಾಚಿದೆ. ನಾನು ಏನೂ ಕೇಳುವ ಮೊದಲೇ ಅವಳು ಹೇಳಿದ್ದು:

“ಸೋರಲ್ಲ ರೀ.”

ದಂತವೈದ್ಯರು ದೂರು ಹಿಂತೆಗೆದುಕೊಳ್ಳುವುದಾಗಿ ತಿಳಿಸಿರುತ್ತಾರೆ. ಇನ್ನು ಇವರಿಗೆ ಮಾಮೂಲಿ ಕಾರೇ ಸಾಕಲ್ಲವೇ, ಟಾಪ್ ತೆಗೆಯುವುದು ಯಾಕೆ ಎಂದೂ ಅವರೇ ಕೇಳಿದರು. ಒಮ್ಮೆ ಮುಚ್ಚಿದ್ದಾಳೆ, ನಾಳೆ ಮುಚ್ಚುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುಚ್ಚುವುದೂ ತೆಗೆಯುವುದೂ ಅವಳ ಬೆರಳಿನಲ್ಲಿರಲಿ. ಆದ್ದರಿಂದ ಇದೇ ಕಾರನ್ನು ಕೊಳ್ಳುತ್ತೇವೆ. ಸ್ಟೆಪ್ನಿ ಗುಂಡಿಯ ತುಕ್ಕನ್ನು ನಾನೇ ಉಜ್ಜಿಕೊಳ್ಳುತ್ತೇನೆ.

ಈ ಹೇಳಿಕೆ ಮುಗಿಯುವ ಹೊತ್ತಿಗೂ ಮಳೆ ನಿಂತಿಲ್ಲ. ನನ್ನ ಹೆಂಡತಿ ಮೊಮ್ಮಗನನ್ನು ಎತ್ತಿಕೊಂಡು ಅದೇ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಿದ್ದಾಳೆ. ಟಾಪ್ ಮುಚ್ಚಿದೆ. ಕಿಟಕಿ ಮಾತ್ರ ನಾಲ್ಕು ಬೆರಳಷ್ಟು ತೆರೆದಿದೆ. ಇದನ್ನೂ ದಾಖಲಿಸಬೇಕೆಂದು ಕೋರುತ್ತೇನೆ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದು, ಮಗಳಿಂದ ಕೇಳಿದ್ದು ಎಲ್ಲವೂ ನಡೆದಂತೆಯೇ ಇದೆ, ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ದಂತವೈದ್ಯರ ಮನೆಯ ಜಗಲಿ
ದಿನಾಂಕ: 14ನೇ ತಾರೀಖು, ಭಾನುವಾರ, ರಾತ್ರಿ 7.30

ಸಹಿ: ಪೈಪಣ್ಣ