ಬೊಮ್ಮಿ ಎತ್ತದ ಹಾಡು

ಆಚೆ ದಡದಿಂದ ಬರಲಿದ್ದ ಮಗಳಿಗಾಗಿ ರಾಮನಾಥ ಮಾಸ್ತರರು ಗಂಗಾವಳಿ ಹೊಳೆಯ ದಂಡೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದರು. ಹೆಂಡತಿ ತೀರಿಕೊಂಡಂದಿನಿಂದ ಅವರ ಜಪ ನಡುವೆಯೇ ನಿಂತುಬಿಡುತ್ತಿತ್ತು. ಇಂದು ಅದನ್ನು ನಿಲ್ಲಿಸಿದ್ದು ಪಕ್ಕದಲ್ಲಿ ದೋಣಿಗೆ ಕಾದಿದ್ದ ಇಬ್ಬರು ನಾಟಿ ಹೆಂಗಸರ ಮಾತು.

"ಬೊಮ್ಮೀ, ನೆಟ್ಟ ಸಾಲಿನಲ್ಲೇ ಮತ್ತೆ ನೆಟ್ಟೆಯಲ್ಲೇ. ಒಡತಿ ನೋಡಿದ್ರು. ನಾಳೆಯೂ ಹಾಗಾದ್ರೆ ನಿನ್ನ ಕರೆಯೂದಿಲ್ಲವಂತೆ."

"ಮನಸ್ಸು ಗದ್ದೆಯಲ್ಲಿ ಇರೂದಿಲ್ಲ, ಜಾನಕಕ್ಕ. ನಮ್ಮನೆಯವ್ರು ಜ್ವರದಲ್ಲೇ ಸೌದೆಗೆ ಹೊರಟ ಬೆಳಗನ್ನೇ ತಿರುಗಿ ತಿರುಗಿ ನೆನೆಸ್ತೆ. ಎಂತ ಹೇಳಿ ತಡೆದಿದ್ರೆ ಉಳೀತಿದ್ರು, ಅದು ಸಿಕ್ಕೀತು ಅಂತ."

"ಐದು ತಿಂಗಳಾಯ್ತು. ಸಿಕ್ತಾ?"

"ಇಲ್ಲ."

"ಕಳೆದ ಮೂಗುತಿಯನ್ನೂ ಯಾರೂ ಇಷ್ಟು ದಿನ ಹುಡುಕೂದಿಲ್ಲ ಮಾರಾಯ್ತಿ. ನಾಳೆ ಶೆಟಗೇರಿ ಗದ್ದೆಯಲ್ಲಿ ಮೊದಲಿನ ಹಾಗೆ ನೀನೇ ಹಾಡು ಎತ್ತು. ಹಾಡಿನ ಜೊತೆ ಕೈಯೂ ಸಾಲು ಹಿಡೀತದೆ."

"ಗಂಡನ್ನ ಮರೆತಳು ಅಂತಾರೆ."

"ಅನ್ನೋರೆಲ್ಲ ಸೊಂಟ ಬಗ್ಗಿಸಿ ನಿನ್ನ ಹಿಂದೆ ಸೊಲ್ಲು ಹೇಳಬೇಕು. ಆಡಿಕೊಳ್ಳೂಕೆ ಬಾಯಿ ಎಲ್ಲಿ ಖಾಲಿ ಇರ್ತದೆ?"

ಬೊಮ್ಮಿ ಸಣ್ಣಗೆ ನಕ್ಕಳು. "ನಂಗೇ ಅವ್ರು ಮರೆತು ಹೋದ್ರೆ?"

"ನನ್ನ ಮಗ ಹೋಗಿ ಹನ್ನೆರಡು ಮಳೆಗಾಲ ಆಯ್ತು. ಒಂದು ನಾಟಿಗೂ ಹಾಡು ಬಿಡಲಿಲ್ಲ. ಅವನ ಮುರಿದ ಹಲ್ಲು ಈಗಲೂ ಕಣ್ಣೆದುರು ಉಂಟು."

ಮಾಸ್ತರರ ಬೆರಳು ಮಣಿಯ ಮೇಲೆ ಹಾಗೇ ಇತ್ತು.

ದೋಣಿ ದಡಕ್ಕೆ ತಾಗಿತು, ಮಾಸ್ತರರ ಮಗಳು ಇಳಿದಳು. ನಾಟಿ ಹೆಂಗಸರಿಬ್ಬರೂ ಸೀರೆ ಎತ್ತಿ ನೀರಿಗಿಳಿದರು.

"ಮೊದಲ ಹಾಡು ನೀನೇ ಎತ್ತು, ಅಕ್ಕ," ಎಂದಳು ಬೊಮ್ಮಿ, ದೋಣಿ ಹತ್ತುತ್ತ. "ಎರಡನೇದಕ್ಕೆ ನಾನು ನೋಡ್ತೆ."