ಮೂಗು ಡೆರ್ಕನ ಹೊಲದಲ್ಲಿ, ಬಾಲ ನನ್ನ ಹೊಲದಲ್ಲಿ

ಸಭೆಯ ಅಧ್ಯಕ್ಷತೆ ವಹಿಸಿರುವ ಮೇಯರ್ ಅವರೇ, ಪಾದ್ರಿಗಳೇ, ಇಂಗ್ಲೆಂಡಿನಿಂದ ಬಂದಿರುವ ಕ್ಯಾಪ್ಟನ್ ಸಾಹೇಬರೇ, ನನ್ನ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿರುವ ಮೇಷ್ಟ್ರೇ, ಯುದ್ಧ ಮುಗಿದ ಮೇಲೆ ಮೊದಲ ಸಲ ನಿಜವಾದ ಕಾಫಿ ಕೊಡುತ್ತಾರೆಂದು ಕೇಳಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರಿರುವ ಸಭಿಕರೇ,

ನಮ್ಮ ಚರ್ಚಿನ ಅಂಗಳದಲ್ಲಿ ಮಲಗಿರುವ ಏಳು ಜನ ಇಂಗ್ಲಿಷ್ ವಿಮಾನ ಯೋಧರನ್ನು ನಾಳೆ ಬೆಳಿಗ್ಗೆ ಅಗೆದು ತೆಗೆದು, ದೂರದ ದೊಡ್ಡ ಸೈನಿಕ ಸ್ಮಶಾನಕ್ಕೆ ಒಯ್ಯುತ್ತಾರಂತೆ. ಅವರನ್ನು ಬೀಳ್ಕೊಡುವ ನಾಲ್ಕು ಮಾತಾಡಬೇಕೆಂದು ಮೇಯರ್ ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಇದುವರೆಗೆ ಭಾಷಣ ಮಾಡಿದ್ದು ನನ್ನ ಹಸುಗಳ ಮುಂದೆ ಮಾತ್ರ. ಅವೂ ಮಧ್ಯದಲ್ಲೇ ಎದ್ದು ಹೋಗುತ್ತವೆ.

ಕ್ಯಾಪ್ಟನ್ ಸಾಹೇಬರೇ, ಹಾಲೆಂಡಿನ ಈ ಮೂಲೆಯಲ್ಲಿ ಒಂದು ಪದ್ಧತಿ ಇದೆ. ಸತ್ತವರನ್ನು ಮನೆಯವರು ಹೊರುವುದಿಲ್ಲ, ನೆರೆಯವರು ಹೊರುತ್ತಾರೆ. ಹೆಣಕ್ಕೆ ಸ್ನಾನ ಮಾಡಿಸುವುದು, ಊರಿಗೆ ಸುದ್ದಿ ಮುಟ್ಟಿಸುವುದು, ಆಮೇಲೆ ಬಂದವರಿಗೆಲ್ಲ ಕಾಫಿ ಕೊಡುವುದು, ಎಲ್ಲ ನೆರೆಯವರ ಪಾಲು. ಯಾರ ಮನೆ ಹತ್ತಿರವೋ ಅವನು ಮೊದಲ ನೆರೆಯವ. ಆದರೆ ಆಕಾಶದಿಂದ ಬಿದ್ದವರಿಗೆ ಮೊದಲ ನೆರೆಯವ ಯಾರು?

ಜರ್ಮನರ ಆಳ್ವಿಕೆ ನಡೆಯುತ್ತಿದ್ದ ಕಾಲ. ಈ ಹುಡುಗರ ವಿಮಾನ ಬಿದ್ದದ್ದು ಸರಿಯಾಗಿ ಎರಡು ಹೊಲಗಳ ನಡುವಿನ ಗಡಿ ಕಾಲುವೆಯ ಮೇಲೆ. ಮೂಗು ಡೆರ್ಕ್ ವೊಲ್ಸಿಂಕನ ರೈ ಧಾನ್ಯದ ಹೊಲದಲ್ಲಿ, ಬಾಲ ನನ್ನ ಬೀಟ್‌ರೂಟ್ ಹೊಲದಲ್ಲಿ. ಅದೇ ಕಾಲುವೆಯ ಜಗಳದಿಂದ ನಾವಿಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದವು. ಅವತ್ತು ಅವನೇ ಬಾಯಿ ಬಿಟ್ಟ.

"ಗ್ರಾಡುಸ್, ಮೂಗು ನನ್ ಕಡೆ ಇದೆ. ಮೊದಲ್ನೇ ನೆರೆಯವ್ನು ನಾನೇ."

"ಬಾಲದಲ್ಲಿ ಕೂತಿದ್ದ ಹುಡುಗ ನನ್ ಬೀಟ್‌ರೂಟಲ್ಲಿ ಮಲ್ಗಿದಾನೆ. ಅವನ್ನೂ ನೀನೇ ಹೊಡ್ಕೊಂಡು ಹೋಗ್ತೀಯೇನೋ?"

"ಕಾಲುವೆ ನುಂಗಿದ್ದು ಸಾಲ್ದಾ ನಿಂಗೆ?"

ಅಷ್ಟರಲ್ಲಿ ನನ್ನ ಹೆಂಡತಿ ಟೋನಿಯಾ ಬಂದಳು. "ನಿಮ್ ಪಂಚಾಯ್ತಿ ಮುಗಿಯೋ ಹೊತ್ಗೆ ಜರ್ಮನ್ರು ಬಂದಿರ್ತಾರೆ. ಸುಮ್ನೆ ಇಬ್ರೂ ಹೆಗಲು ಕೊಡಿ," ಎಂದಳು. ಕೊಟ್ಟೆವು. ಜರ್ಮನ್ ಅಧಿಕಾರಿ ಬಂದು, ಹೂಳುವಾಗ ಚರ್ಚಿನ ಗಂಟೆ ಬಾರಿಸಕೂಡದು ಎಂದು ಗದರಿದ. ಗಂಟೆಯನ್ನು ಫಿರಂಗಿಗಾಗಿ ಕರಗಿಸಲೆಂದು ಅವನವರೇ ಒಯ್ದಿದ್ದರು, ಬಾರಿಸುವುದೇನನ್ನು? ಆಮೇಲೆ ಹುರಿದ ಬೇರಿನ ಕಾಫಿ ಕುಡಿದೆವು. ಅದನ್ನು ಕುಡಿದವರಿಗೆ ಯುದ್ಧದ ಕಷ್ಟವೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಟೋನಿಯಾ ಆ ಬಾಲದ ಹುಡುಗನ ಮುಖ ತೊಳೆದಳು. ಕೂದಲು ಬಾಚಿ ಎಡಕ್ಕೆ ಬೈತಲೆ ತೆಗೆದಳು. ನಮ್ಮ ಆರೆಂಡ್ ಹಾಗೆಯೇ ತೆಗೆಯುತ್ತಿದ್ದ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಆರೆಂಡ್ ನಮ್ಮ ಒಬ್ಬನೇ ಮಗ. ಜರ್ಮನರು ಅವನನ್ನು ತಮ್ಮ ದೇಶದ ಕಾರ್ಖಾನೆಯಲ್ಲಿ ದುಡಿಯಲು ಹಿಡಿದೊಯ್ದರು. ಆ ಕಾರ್ಖಾನೆಯ ಮೇಲೆ ಬಾಂಬು ಬಿತ್ತು. ಯಾರ ಬಾಂಬೆಂದು ನಾನು ಹೇಳಬೇಕೇ, ಕ್ಯಾಪ್ಟನ್? ಈ ಹುಡುಗರು ನಮ್ಮ ಹೊಲಕ್ಕೆ ಬೀಳುವ ಹೊತ್ತಿಗೆ ಆ ಸುದ್ದಿ ನಮ್ಮ ಮನೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಟೋನಿಯಾಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಬಾಚಿದಳು. ಆರೆಂಡನನ್ನು ಎಲ್ಲಿ ಹೂತರು, ಯಾರು ಹೊತ್ತರು, ಹೊತ್ತರೋ ಇಲ್ಲವೋ, ಇವತ್ತಿಗೂ ನಮಗೆ ತಿಳಿಯದು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಆ ಬಾಲದ ಹುಡುಗನ ಹತ್ತಿರ ಹೋಗಿ ಕೂರುತ್ತಾಳೆ. ಮೇಷ್ಟ್ರೇ, ಇದನ್ನು ಮೊಟಕು ಮಾಡದೆ ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳಿ.

ದೊಡ್ಡ ಸ್ಮಶಾನದಲ್ಲಿ ಕಲ್ಲುಗಳು ಸಾಲಾಗಿರುತ್ತವೆ, ಹುಲ್ಲನ್ನು ಸಮನಾಗಿ ಕತ್ತರಿಸಿರುತ್ತಾರೆ ಎಂದಿರಿ, ಸಾಹೇಬರೇ. ಇರಲಿ, ಸಂತೋಷ. ಅಲ್ಲಿ ಇವರ ನೆರೆಯವರು ಯಾರು? ಭಾನುವಾರ ಟೋನಿಯಾ ಎಲ್ಲಿಗೆ ಹೋಗಬೇಕು?

ಇನ್ನು ನಾಳಿನ ವಿಷಯ. ಇವರನ್ನು ಎತ್ತಬೇಕಾದವರೂ ಪದ್ಧತಿಯಂತೆ ನಾವೇ. ನನಗೆ ಬೆಳಗಿನಿಂದ ಸೊಂಟ ಹಿಡಿದುಕೊಂಡಿದೆ. ಡೆರ್ಕನಿಗೂ ಹಿಡಿದುಕೊಂಡಿದೆಯಂತೆ. ವಿಚಾರಿಸಿದರೆ ಊರಿನ ಒಂದು ಸೊಂಟವೂ ನೆಟ್ಟಗಿಲ್ಲ. ನಿಮ್ಮ ಸಿಪಾಯಿಗಳು ಎತ್ತಬಹುದು. ಆದರೆ ಅವರು ಚರ್ಚಿನ ಅಂಗಳದ ಬಾಗಿಲಲ್ಲಿ ಕೂತಿರುವ ನಮ್ಮನ್ನೆಲ್ಲ ದಾಟಿಕೊಂಡು ಹೋಗಬೇಕು. ಎಲ್ಲರಿಗಿಂತ ಮುಂದೆ ಟೋನಿಯಾ ಕೂತಿರುತ್ತಾಳೆ.

ಮೇಯರ್ ಅವರೇ, ನನ್ನ ಮೇಲೆ ಭರವಸೆ ಇಟ್ಟು ಮಾತಾಡಲು ಕರೆದಿರಿ, ಅದಕ್ಕೆ ವಂದನೆಗಳು. ಬೀಳ್ಕೊಡುವುದು ಮಾತ್ರ ನನ್ನಿಂದ ಆಗಲಿಲ್ಲ. ಎಲ್ಲರಿಗೂ ನಮಸ್ಕಾರ.